ಟೀಚರಮ್ಮ ಕಳಿಸಿದ ಅರ್ರಬೋನ್

ಫೋನಿನಲ್ಲಿ ಟೈಪು ಮಾಡುವುದನ್ನು ಮೊಮ್ಮಗಳು ಕಲಿಸಿದ ವಾರವೇ ನಾನೊಂದು ಗ್ರೀಕ್ ಪದ ಹುಡುಕಬೇಕಾಗಿ ಬಂತು. ಕಾರಣ, ನನ್ನ ಕೋಳಿ.

ಬಂಗಾರಪೇಟೆಯ ನಮ್ಮ ಮನೆಯ ಸುತ್ತ ಈಗ ಬರೀ ಸಿಮೆಂಟು. ಕೋಳಿ ಕಾವು ಕೂರಲು ಒಂದು ಮೂಲೆಯೂ ಇಲ್ಲ. ಹಾಗಾಗಿ ನನ್ನ ಕಪ್ಪು ನಾಟಿಕೋಳಿಯನ್ನು ಆಂಡರ್ಸನ್‌ಪೇಟೆಯ ಗೆಳತಿಗೆ ಪಾಲಿಗೆ ಬಿಟ್ಟಿದ್ದೆ. ಕೋಳಿ ನನ್ನದು, ಸಾಕುವುದು ಅವಳು, ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಎಲ್ಲ ಬಾಯಿಮಾತು. ಅತ್ತೆಯ ಕಾಲದಿಂದ ನಮ್ಮ ಮನೆಯಲ್ಲಿದ್ದ ತಳಿಯಲ್ಲಿ ಉಳಿದಿದ್ದು ಅದೊಂದೇ. ಅದು ಹೋದರೆ ತಳಿಯೇ ಹೋದಂತೆ.

ಗೆಳತಿ ತಮಿಳಿನವಳು, ನಿವೃತ್ತ ಟೀಚರು. ಚರ್ಚಿನಲ್ಲಿ ಶನಿವಾರ ಬೈಬಲಿನ ಗ್ರೀಕ್ ಪದಗಳ ಪಾಠ ನಡೆಯುತ್ತದೆ, ಅಲ್ಲಿಗೆ ಹೋಗುತ್ತಾಳೆ. ಈಸ್ಟರ್ ಹಬ್ಬ ಆಗತಾನೆ ಮುಗಿದಿತ್ತು. ರೈಲಿನಲ್ಲಿ ಬರುವ ಹೂವಿನವಳ ಕೈಯಲ್ಲಿ ಒಂದೇ ಒಂದು ಮರಿ ಕಳಿಸಿದಳು. ಹಿಂದೆಯೇ ಫೋನಿನಲ್ಲಿ ಅವಳ ದನಿಯ ಮೆಸೇಜು ಬಂತು: "ಅಕ್ಕಾ, ಮರಿ ಬಂತಾ? ಇದು ಅರ್ರಬೋನ್ ಅನ್ಕೊಳ್ಳಿ. ಉಳಿದಿದ್ದು ಆಮೇಲೆ."

ಉಳಿದಿದ್ದು ಅಂದರೆ ಎಷ್ಟು? ತಾಯಿಕೋಳಿಯ ಸುದ್ದಿಯೇ ಯಾಕಿಲ್ಲ? ತಿಳಿಯದ ಮಾತು ಆಡಿ ಬಾಯಿ ಮುಚ್ಚಿಸುವವರನ್ನು ನಾನು ಬ್ಯಾಂಕಿನಲ್ಲಿ ನೋಡಿದ್ದೇನೆ, ಆಸ್ಪತ್ರೆಯಲ್ಲೂ ನೋಡಿದ್ದೇನೆ. ಒಂದು ವಾರ ಕಾದೆ. ಬೇರೆ ಮರಿ ಬರಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಆ ಪದ ಹುಡುಕಿದೆ. ಬಂದದ್ದನ್ನು ಮೊಮ್ಮಗಳು ಓದಿ ನಕ್ಕಳು.

"ಅಜ್ಜಿ, ಈಗಿನ್ ಗ್ರೀಕರು ನಿಶ್ಚಿತಾರ್ಥಕ್ಕೆ ಇಂತದೇ ಪದ ಅಂತಾರಂತೆ."

"ನನ್ ಕೋಳೀಗೆ ಯಾರ್ ಜೊತೆ ನಿಶ್ಚಿತಾರ್ಥ ಮಾಡವ್ಳೆ? ಮಸಾಲೆ ಜೊತೇಲಾ?"

ಮಾರನೆಯ ದಿನ ಹೇಳದೆ ಕೇಳದೆ ರೈಲು ಹತ್ತಿದೆ. ಪುರಾವೆಗೆ ಇರಲಿ ಎಂದು ಮರಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ಅದು ಚಿಂವ್ ಎಂದಿತು.

"ಏನಮ್ಮಾ, ಮೊಬೈಲು ಕೂಗ್ತೈತೆ, ಎತ್ತಲ್ವಾ?" ಎಂದ ಎದುರು ಕೂತವನು.

"ಎತ್ತಿದ್ರೆ ಕುಕ್ತೈತೆ ಕಣಪ್ಪಾ."

ಆಂಡರ್ಸನ್‌ಪೇಟೆಯಲ್ಲಿ ಆಟೋ ಇಳಿದಾಗ ಅವಳ ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ಕೋಳಿ ಇಲ್ಲ. ಒಳಗಿಂದ ಕೋಳಿಸಾರಿನ ವಾಸನೆ.

"ವಾಂಗಕ್ಕಾ! ಫೋನ್ ಮಾಡ್ದೆ ಬಂದ್ಬುಟ್ರಾ? ಊಟ ಮಾಡಣ ಬನ್ನಿ."

"ಊಟ ಅಂಗಿರ್ಲಿ. ಒಲೆ ಮ್ಯಾಲೆ ಇರೋದು ಯಾವ್ ಕೋಳಿ, ಟೀಚರಮ್ಮ?"

"ಅಂಗಡೀದು. ಬ್ರಾಯ್ಲರ್."

"ಸಾರಿಗೆ ಬಿದ್ಮ್ಯಾಕೆ ಎಲ್ಲಾ ಅಂಗಡೀದೇಯ."

ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಂಕರಿ ಕವುಚಿ ಮೇಲೊಂದು ಇಟ್ಟಿಗೆ ಹೇರಿದ್ದಳು. ಮುಂಗುಸಿಯ ಕಾಟವಂತೆ. ಬುಟ್ಟಿ ಎತ್ತಿದರೆ ಕಪ್ಪು ಕೋಳಿ, ರೆಕ್ಕೆಯ ಕೆಳಗೆ ಪುಟ್ಟ ಪುಟ್ಟ ಕಾಲುಗಳು. ಆದರೆ ಊರಿನಲ್ಲಿ ಕಪ್ಪು ಕೋಳಿಗೇನು ಬರವೇ? ನನ್ನ ಮರಿಯನ್ನು ಮುಂದೆ ಬಿಟ್ಟೆ. ಕೋಳಿ ಅದರ ನೆತ್ತಿಗೇ ಕುಕ್ಕಿತು.

"ನೋಡು! ಎತ್ತ ತಾಯಿ ಇಂಗ್ ಕುಕ್ತಾಳಾ?"

"ಒಂದ್ ವಾರ ನಿಮ್ಮನೇಲಿತ್ತಲ್ಲಕ್ಕಾ, ಗುರ್ತು ಮರ್ತೈತೆ. ಒಡತಿ ಅನುಮಾನ ಕೋಳೀಗೂ ಬಂದೈತೆ."

ನನ್ನ ಕೋಳಿ ಚಿಕ್ಕದಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಎಡಗಾಲಿನ ಬೆರಳೊಂದು ಸೊಟ್ಟಗಾಗಿತ್ತು. ಬಗ್ಗಿ ಕಾಲು ಹಿಡಿದು ನೋಡಿದೆ. ಸೊಟ್ಟಗೇ ಇತ್ತು. ಮರಿಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು, ಕೈ ತೊಳೆದು ಊಟಕ್ಕೆ ಕೂತೆ.

"ಸರಿ, ಆ ಪದ ಯಾಕ್ ಬೇಕಿತ್ತು ನಿಂಗೆ?"

"ಒಳ್ಳೆ ಪದ ಅಕ್ಕಾ. ಕನ್ನಡ ಬೈಬಲ್‌ನಲ್ಲಿ ಸಂಚಕಾರ ಅಂತೈತೆ, ನಮ್ ತಮಿಳಲ್ಲಿ ಅಚ್ಚಾರಂ. ಮುಂಗಡ ಅನ್ನೋ ವ್ಯಾಪಾರದೋರ ಮಾತು. ಪೂರ್ತಿ ಕೊಡೋಕ್ ಮುಂಚೆ ಅದ್ರಲ್ಲೇ ಒಂಚೂರು ಕೊಡೋದು. ದೇವ್ರು ತನ್ನ ಆತ್ಮಾನ ನಮ್ಗೆ ಅಂಗೇ ಕೊಟ್ಟವ್ನೆ ಅಂತ ಬರ್ದೈತೆ. ಮರಿಗಳು ಇನ್ನೂ ಬಲೀಲಿಲ್ಲ, ನೀವು ಸುಮ್ನಿರಲ್ಲ ಅಂತ ಗಟ್ಟಿ ಇದ್ದಿದ್ದು ಒಂದ್ನ ಕಳ್ಸಿದ್ದು."

ನಾನು ಮೂಳೆ ಚೀಪುತ್ತಾ ಯೋಚಿಸಿದೆ. ಅಡವಿಟ್ಟ ಒಡವೆ ಒಂದು ದಿನ ವಾಪಸು ಹೋಗುತ್ತದೆ. ಇದು ಹೋಗುವುದಿಲ್ಲ, ಉಳಿದದ್ದೇ ಬಂದು ಇದನ್ನು ಸೇರಿಕೊಳ್ಳುತ್ತದೆ. ಸಂತೆಯ ಕೊಸರು ವ್ಯಾಪಾರ ಮುಗಿದ ಮೇಲೆ ಸಿಗುವಂಥದ್ದು. ಇದು ಮೊದಲೇ ಕೈಗೆ ಬರುತ್ತದೆ. ಆದರೂ ಒಂದು ಅನುಮಾನ ಉಳಿಯಿತು.

"ದೇವ್ರೂ ಮುಂಗಡ ಕೊಡ್ಬೇಕಾ? ಅವನ್ನೂ ಜನ ನಂಬಲ್ವಾ?"

"ನಿಮ್ಮಂತೋರು ಇರ್ತೀರಲ್ಲಕ್ಕಾ, ಅದ್ಕೇ."

ಕೋಳಿಯನ್ನು ಇನ್ನೊಂದು ಕಾವಿಗೆ ಅವಳ ಬಳಿಯೇ ಬಿಟ್ಟು ಬಂದೆ. ಆದರೆ ದಿನಾ ಅದರದ್ದೊಂದು ಫೋಟೊ ಕಳಿಸಬೇಕು ಎಂದು ಕರಾರು ಮಾಡಿದ್ದೇನೆ. ಇವತ್ತು ಬೆಳಿಗ್ಗೆಯೂ ಬಂತು. ಎರಡು ಬೆರಳಿಂದ ದೊಡ್ಡದು ಮಾಡಿ ಎಡಗಾಲು ನೋಡಿದೆ. ಸೊಟ್ಟ ಬೆರಳು ಅರ್ಧ ಮಾತ್ರ ಕಂಡಿತು. ಆಮೇಲೆ ನಿಧಾನವಾಗಿ ಟೈಪು ಮಾಡಿದೆ: "ಅರ್ರಬೋನ್ ಬಂತು. ನಾಳೆ ಕಾಲು ಸರಿಯಾಗಿ ಕಾಣಲಿ."