ಎಡೆಗೆ ಇಟ್ಟ ಬದನೆಕಾಯಿ

ಇವತ್ತು ಬೆಳಿಗ್ಗೆ ಸೇಂಗಾ, ಎಳ್ಳು, ಒಣಕೊಬ್ಬರಿ ಹುರಿದೆ. ಆ ವಾಸನೆಗೆ ಬಾಜೂಮನೆಯ ಕಾಕಿ ನೆನಪಾದಳು. ಅವಳು ನೆಟ್ಟಗಿದ್ದ ಕೊನೆಯ ದಿನವೂ ಇದೇ ವಾಸನೆಯದು. ಮೂಡಲಗಿಯ ನಮ್ಮ ಓಣಿಯಲ್ಲಿ, ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲೆ ಕುಳಿತು, ರೊಟ್ಟಿಯ ಜೊತೆ ಬದನೆಕಾಯಿ ಎಣ್ಣೆಗಾಯಿ ತಿನ್ನುತ್ತಿದ್ದಳು.

"ಬಾರವ್ವಾ, ನಂಜ ತಿನ್ನೂಣು" ಎಂದು ನನ್ನನ್ನು ಕರೆದು ನಕ್ಕಿದ್ದಳು.

ಬದನೆಕಾಯಿ ನಂಜೆಂದು ಅವಳಿಗೆ ವರ್ಷಗಟ್ಟಲೆ ಬಿಡಿಸಿದ್ದರು. ಆಗಾಗ ಅವಳ ತುಟಿ, ಕಣ್ಣು, ಕೈ ಊದಿಕೊಳ್ಳುತ್ತಿದ್ದವು. ತುರಿಕೆಯಿಲ್ಲ, ದದ್ದಿಲ್ಲ... ಬರೀ ಊತ. ಅಲರ್ಜಿಯ ಗುಳಿಗೆಗೆ ಅದು ಬಗ್ಗುತ್ತಿರಲಿಲ್ಲ. ಊದಿದಾಗಲೆಲ್ಲ ಕಾಕಿಯ ಅತ್ತೆ ಅವಳ ಊಟದಿಂದ ಒಂದೊಂದನ್ನೇ ತೆಗೆದಳು. ಬದನೆಕಾಯಿ ಹೋಯಿತು, ಸೇಂಗಾ ಹೋಯಿತು, ಮೊಸರೂ ಹೋಯಿತು.

"ಬಾಯಿ ಕಟ್ಟವಲ್ಲಿ, ಅದಕ್ಕ ಮಾರಿ ಕುಂಬಳಕಾಯಿ ಆಗತೈತಿ."

"ಇನ್ನ ಗಾಳಿ ಅಷ್ಟ ಉಳದೈತ್ರಿ ಅತ್ತಿ. ಅದನ್ನೂ ಬಿಡ್ಲೇನು?"

ತನ್ನ ಮಗಳ ಮುಖವೂ ಊದಿದ ದಿನ ಕಾಕಿ ಮಾತು ನಿಲ್ಲಿಸಿ ಚಪ್ಪಲಿ ಮೆಟ್ಟಿದಳು. ಬೆಳಗಾವಿಗೆ ಅವರಿಬ್ಬರ ಜೊತೆ ನಾನೂ ಹೋದೆ. ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಡಾಕ್ಟರು ಕೇಳಿದರು. ಇತ್ತು. ತವರೂರು ಘೋಡಗೇರಿಯಲ್ಲಿ ಅವಳ ಅಪ್ಪ ಗಂಟಲು ಊದಿ ಸತ್ತಿದ್ದ. ಊರು ಅದನ್ನು ದೆವ್ವದ ತಲೆಗೆ ಕಟ್ಟಿತ್ತು.

ರಕ್ತ ತಪಾಸಣೆಯಾದ ಮೇಲೆ ಡಾಕ್ಟರು ತಿಳಿಸಿ ಹೇಳಿದರು. ನಮ್ಮ ರಕ್ತದಲ್ಲಿ ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಪ್ರೋಟೀನುಗಳಿವೆ. ಪೆಟ್ಟಾದಾಗ, ಸೋಂಕು ತಗುಲಿದಾಗ ಅವು ಬೇಕು. ಆದರೆ ಅವು ಮಿತಿ ಮೀರದಂತೆ ಹಿಡಿದು ನಿಲ್ಲಿಸುವ ಇನ್ನೊಂದು ಪ್ರೋಟೀನೂ ಬೇಕು. ಸಿ-ಒನ್ ಇನ್ಹಿಬಿಟರ್ ಅಂತ ಅದರ ಹೆಸರು. ತಾಯಿ ಮಗಳಿಬ್ಬರಲ್ಲೂ ಹುಟ್ಟಿನಿಂದಲೇ ಅದು ಕಡಿಮೆ. ತಡೆಯುವವರಿಲ್ಲದೆ ಕತ್ತರಿ ಓಡುತ್ತದೆ, ರಕ್ತನಾಳದಿಂದ ನೀರು ಒಸರುತ್ತದೆ, ಮೈ ಊದುತ್ತದೆ. ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

"ಧುಪದಾಳ ಡ್ಯಾಮಿನಾಗ ನೀರಿನ ಗೇಟ್ ಇಳಸಾಂವ ಇಲ್ಲದಂಗ ಆತಲ್ರಿ ಸಾಹೇಬ್ರ" ಎಂದಳು ಕಾಕಿ. ಆಮೇಲೆ ಮೆಲ್ಲಗೆ ಕೇಳಿದಳು, "ಅಂದ್ರ ಬದನಿಕಾಯಿ ತಿನ್ನಬಹುದೇನ್ರಿ?"

ಬರುವಾಗ ಚೀಲದ ತುಂಬ ತಂದಳು.

ಗಂಟಲು ಊದಿದರೆ ಮಾತ್ರ ಕಾಯುವಂತಿಲ್ಲ, ಕಡಿಮೆ ಬಿದ್ದ ಆ ಪ್ರೋಟೀನನ್ನೇ ಇಂಜೆಕ್ಷನ್ ಮಾಡಿ ಕೊಡಬೇಕು ಎಂದಿದ್ದರು ಡಾಕ್ಟರು. ಗೋಕಾಕ, ಹುಕ್ಕೇರಿ, ಎಲ್ಲ ಕಡೆ ಔಷಧಿ ಅಂಗಡಿಗಳಲ್ಲಿ ಕೇಳಿದೆವು. ಹೆಸರು ಹೇಳಿದರೆ ನಮ್ಮ ಮುಖ ನೋಡುತ್ತಿದ್ದರು.

ಕಟ್ಟೆಯ ಮೇಲೆ ನಕ್ಕ ಮರುದಿನ ಗಂಟಲು ಊದಿ ಅವಳ ದನಿ ದಪ್ಪಗಾಯಿತು. ಬೆಳಗಾವಿಗೆಂದು ಗಾಡಿ ಹತ್ತಿಸಿದೆವು. ಗೋಕಾಕ ದಾಟಿತ್ತು... ಮಗಳ ಕೈ ಹಿಡಿದಿದ್ದ ಕಾಕಿಯ ಹಿಡಿತ ಸಡಿಲವಾಯಿತು.

"ಬದನಿಕಾಯಿ ತಿಂದ್ಲು, ಹೋದ್ಲು" ಎಂದಿತು ಓಣಿ. ಅಲ್ಲವೆಂದು ಮನೆಮನೆಗೆ ಹೇಳಿದೆ, ತಲೆಯಾಡಿಸಿ ಕಳಿಸಿದರು. ಅದಕ್ಕೇ ಅವಳ ತಿಥಿಯ ದಿನಕ್ಕೆ ಎಣ್ಣೆಗಾಯಿ ಮಾಡಿಕೊಂಡು ಹೋದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಅದನ್ನ ತಿಂದ ಸತ್ತಾಳ. ಎಡಿಗೆ ಅದನ್ನ ಇಡ್ತೀಯೇನ?"

ಮಗಳು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. "ತಿಂದ ಸತ್ತಿಲ್ಲ ಆಯಿ. ಔಷಧ ಸಿಗಲಾರದಕ್ಕ ಸತ್ತಾಳ." ಎಡೆಯ ನಡುವೆ ಇಟ್ಟಳು. ಯಾರೂ ತೆಗೆಯಲಿಲ್ಲ.

ಇವತ್ತು ಮತ್ತೆ ಅವಳ ದಿನ. ಹುರಿದ ಮಸಾಲೆ ಕುಟ್ಟಿದ್ದೇನೆ, ಬದನೆಕಾಯಿ ಸೀಳಿಟ್ಟಿದ್ದೇನೆ. ಒಯ್ಯಲು ಮಗಳು ಬರುತ್ತಾಳೆ. ನಿನ್ನೆಯಿಂದ ಅವಳ ಕೈ ಊದಿದೆ.

ಕಟ್ಟೆಯ ಮೇಲೆ ಕಾಕಿ ಇಲ್ಲ. ಆ ಇಂಜೆಕ್ಷನ್ ನಮ್ಮ ಊರಲ್ಲಿ ಇನ್ನೂ ಇಲ್ಲ.