ಅನ್‌ಲಿಮಿಟೆಡ್ಡಿನ ಮೊದಲ ಬಿಲ್ಲು

ರಾಜಗೋಪಾಲನಗರದ ನಮ್ಮ ಮನೆಗೆ ಇಂಟರ್ನೆಟ್ ಹಾಕಿಸಿದ್ದು ಅಮ್ಮನಿಗಾಗಿ. ದಾವಣಗೆರೆಯ ದೊಡ್ಡಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಮ್ಮನಿಗೆ ಮಂಡಿನೋವು, ಬಸ್ಸು ಹತ್ತುವಂತಿಲ್ಲ. ದಿನಾ ಅಕ್ಕನ ಮುಖ ಫೋನಿನಲ್ಲಾದರೂ ನೋಡಬೇಕು ಎಂಬುದೊಂದೇ ಅವಳ ಆಸೆ.

ಆದರೆ ಮನೆಯಲ್ಲಿ ಅಪ್ಪ ಇದ್ದರಲ್ಲ! ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಟೀ ಕುಡಿಯಲು ಎದ್ದರೂ ಮೆಷಿನ್ ಆಫ್ ಮಾಡಿಯೇ ಏಳುತ್ತಿದ್ದವರು. ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಮಿನುಗಿದಷ್ಟೂ ಬಿಲ್ಲು ಏರುತ್ತದೆ ಎಂದು ಅವರ ನಂಬಿಕೆ. ಅದು ಅನ್‌ಲಿಮಿಟೆಡ್ ಎಂದು ನಾನು ಹೇಳಿದರೆ, "ಅನ್‌ಲಿಮಿಟೆಡ್ ಊಟ ಅಂತ ಬೋರ್ಡ್ ಹಾಕಿರೋ ಹೋಟ್ಲಲ್ಲಿ ಎರಡನೇ ಸಲ ಪಲ್ಯ ಕೇಳಿ ನೋಡು, ಗೊತ್ತಾಗುತ್ತೆ" ಎನ್ನುತ್ತಿದ್ದರು. ಅಮ್ಮ "ಅಕ್ಕಾ, ಊಟ ಆಯ್ತಾ?" ಎನ್ನುವಷ್ಟರಲ್ಲಿ ಸ್ವಿಚ್ ಟಪ್! ಫೋನಿನಲ್ಲಿ ದೊಡ್ಡಮ್ಮ ತೆರೆದ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲ ಬಿಲ್ಲು ಬಂತು ನೋಡಿ, ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು! ಅಪ್ಪನ ಮುಖದಲ್ಲಿ ಗೆದ್ದ ಕಳೆ.

"ನಾನ್ ಆವತ್ತೇ ಬಡ್ಕೊಂಡೆ. ನಾಳೆನೇ ತೆಗೆಸ್ಬಿಡ್ತೀನಿ."

ಅಮ್ಮನ ಕಣ್ಣು ತುಂಬಿದ್ದು ಕಂಡು ನನಗೆ ಹಟ ಬಂತು. ಅಪ್ಪನ ಪಕ್ಕ ಕೂತು ಒಂದೊಂದೇ ಸಾಲು ಓದಿದೆ.

"ಇದು ಕನೆಕ್ಷನ್ ಕೊಟ್ಟಾಗಿಂದ ಇಲ್ಲೀವರೆಗಿನದು. ಇದು ಮುಂದಿನ ತಿಂಗಳದ್ದು, ಮುಂಚೇನೇ ತಗೋತಾರೆ. ಇದು ವೈರ್ ಎಳೆದಿದ್ದಕ್ಕೆ, ಮತ್ತೆ ಬರಲ್ಲ. ಇದು ಟ್ಯಾಕ್ಸು."

"ನಿಮ್ಮಮ್ಮ ಮಾತಾಡಿದ್ದಕ್ಕೆ ಎಷ್ಟು?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಸೊನ್ನೆ ಅಪ್ಪಾ! ಇಡೀ ದಿನ ಹರಟಿದ್ರೂ ಅಷ್ಟೇ, ನೀವು ಆಫ್ ಮಾಡಿದ್ರೂ ಅಷ್ಟೇ."

ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಎದ್ದು ನಿಂತಳು.

"ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂದ್ರೆ ಇದೇ ಕಣ್ರೀ!"

ಅಯ್ಯೋ, ನಗಲು ಶುರು ಮಾಡಿದವಳು ನಿಲ್ಲಿಸಲಾರದೆ ನೆಲದ ಮೇಲೆ ಕೂತುಬಿಟ್ಟೆ. ಅಮ್ಮನೂ ಬಿದ್ದು ಬಿದ್ದು ನಕ್ಕಳು. ಅಪ್ಪ ಸ್ವಲ್ಪ ಹೊತ್ತು ಬಿಗಿದುಕೊಂಡಿದ್ದು, ಆಮೇಲೆ ನಮಗಿಂತ ಜೋರಾಗಿ ನಕ್ಕರು.

ಮರುದಿನ ಭಾನುವಾರ. ಬೆಳಗಿನ ಕಾಫಿಗೆ ಶುರುವಾದ ಅಕ್ಕತಂಗಿಯರ ಮಾತು ಮಧ್ಯಾಹ್ನದ ಊಟ ದಾಟಿದರೂ ಮುಗಿಯಲಿಲ್ಲ. ಯಾರದೋ ಮದುವೆ, ಯಾರದೋ ಜಗಳ, ಎಂದೋ ಹರಿದುಹೋದ ಒಂದು ಸೀರೆ! ಸಂತೋಷಕ್ಕೆ ನಾನು ಸುಮ್ಮಸುಮ್ಮನೆ ಅಡುಗೆಮನೆಗೂ ಹಾಲ್‌ಗೂ ಓಡಾಡುತ್ತಿದ್ದೆ.

ಸಂಜೆ ಅಂಗಡಿಯಿಂದ ಬಂದವಳು ಬಾಗಿಲಲ್ಲೇ "ಅಮ್ಮಾ, ಕೊತ್ತಂಬರಿ ಸಿಗಲಿಲ್ಲ!" ಎಂದು ಕೂಗಿದೆ. ಅಪ್ಪ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು ಅಡುಗೆಮನೆಯ ಕಡೆ ತೋರಿಸಿದರು. ಅವರು ಟೀವಿಯ ಸದ್ದನ್ನೂ ಪೂರ್ತಿ ಇಳಿಸಿದ್ದರು. ಒಳಗೆ ಹೋದೆ. ಫೋನು ಬೇಳೆ ಡಬ್ಬಕ್ಕೆ ಒರಗಿತ್ತು. ಅದರಲ್ಲಿ ಕಣ್ಣು ಮುಚ್ಚಿದ ದೊಡ್ಡಮ್ಮ. ಎದುರಿಗೆ ಅಮ್ಮ ಸದ್ದಾಗದಂತೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಮೆತ್ತಗೆ ಮಾತಾಡೇ" ಎಂದು ಪಿಸುಗುಟ್ಟಿದಳು. "ಅಕ್ಕ ಈಗ್ತಾನೇ ಮಲ್ಗಿದ್ದಾಳೆ."