ಕಪಿಲೆಯಲ್ಲಿ ಬಿಟ್ಟ ಸೀರೆಗಳು

ನನ್ನ ಕಾಲೇಜು ಗೆಳತಿ ಇಪ್ಪತ್ತೇಳನೇ ವಯಸ್ಸಿಗೇ ನಂಜನಗೂಡು ನಗರಸಭೆಯ ಅಧ್ಯಕ್ಷೆಯಾದಳು. ಪಾಪ ಕಳೆಯುತ್ತದೆಂದು ಜನ ಮಿಂದ ಬಟ್ಟೆಯನ್ನು ಕಪಿಲೆಯಲ್ಲೇ ಬಿಡುವುದನ್ನು ನಿಲ್ಲಿಸಬೇಕೆಂಬುದು ಅವಳ ಮೊದಲ ಹಟ.

ಒಂದು ಬೆಳಿಗ್ಗೆ ನಾನೂ ಅವಳ ಜೊತೆ ಹೋಗಿದ್ದಾಗ, ಸ್ನಾನಘಟ್ಟದಲ್ಲಿ ಒಬ್ಬ ಅಜ್ಜಿ ಒದ್ದೆ ಸೀರೆ ಹಿಡಿದು ಜಗಳಕ್ಕೆ ನಿಂತರು. "ನನ್ ಪಾಪ ನೀನ್ ಒತ್ಕೋತೀಯೇನವ್ವ?"

"ಹೊತ್ಕೋತೀನಿ ಬಿಡಜ್ಜಿ" ಎಂದು ನಗುತ್ತಾ, ತೇಲುತ್ತಿದ್ದ ಬಟ್ಟೆಯೊಂದನ್ನು ಎಳೆಯಲು ಅವಳು ನೀರಿಗಿಳಿದಳು. ತಳದಲ್ಲಿದ್ದ ಸೀರೆಗಳು ಕಾಲಿಗೆ ಸುತ್ತಿಕೊಂಡವು. ತಲೆ ಮುಳುಗಿತು. ನಾನು ಹಿಡಿದ ಬೆರಳು ಜಾರಿತು.

"ಇಡ್ಕೊಳವ್ವ!" ಅಜ್ಜಿ ಕೈಯಲ್ಲಿದ್ದ ಒದ್ದೆ ಸೀರೆಯ ಸೆರಗನ್ನೇ ಎಸೆದರು. ಇಬ್ಬರೂ ಸೇರಿ ಅವಳನ್ನು ದಡಕ್ಕೆ ಎಳೆದುಕೊಂಡೆವು.

ಆಮೇಲೆ ಅಜ್ಜಿ ಆ ಸೀರೆಯನ್ನು ಹಿಂಡಿ ಚೀಲಕ್ಕೆ ತುರುಕಿಕೊಂಡರು.

ಕಣ್ಣು ಮುಚ್ಚಿದರೆ ಈಗಲೂ ಆ ಬೆರಳು ಜಾರುತ್ತದೆ. ಗೆಳತಿ ನಾಳೆಯೂ ನೀರಿಗಿಳಿಯುತ್ತಾಳಂತೆ. ನಾನು ಹಗ್ಗ ತೆಗೆದಿಟ್ಟಿದ್ದೇನೆ.